21 ಕಿಲೋಮೀಟರ್ ಓಡ್ಬೇಕಂತ ಹೊಂಟೀರಾ? ಮೊದ್ಲ ನಿಮ್ಮ ಕಾಲಿನ ಹಳೇ ಲೆಕ್ಕ ತೆಗೀರಿ

ದಸರಾ ಮುಗುದು ಥಂಡಿ ಶುರು ಆಯ್ತಂದ್ರ ನಮ್ಮ ಕಲಬುರಗಿ ಯೂನಿವರ್ಸಿಟಿ ಕ್ಯಾಂಪಸ್‌ನ್ಯಾಗ ಮುಂಜಾನಿ ಐದೂವರಿಗೆ ಓಡೋ ಮಂದಿ ಒಮ್ಮಿಗ್ಲೇ ಜಾಸ್ತಿ ಆಗ್ತಾರ, ಸಂಕ್ರಾಂತಿ ಬರೋದ್ರಾಗ ಅದ್ರಾಗ ಭಾಳ ಮಂದಿ ಕಾಣಂಗಿಲ್ಲ. ಬಜಾರದಾಗ ಸಿಕ್ಕಾಗ ಕೇಳಿದ್ರ "ಮಣಕಾಲು ಹಿಡ್ಕೊಂಡದ್ರಿ", "ಹಿಮ್ಮಡ ಚುಚ್ಚಲಾಕತ್ತದ", "ಮನ್ಯಾಗ ಬ್ಯಾಡಂದ್ರು" ಅಂತಾರ. ನನಗ ಇದು ಭಾಳ ಬ್ಯಾಸರ ಆಗ್ತದ, ಯಾಕಂದ್ರ ಅವ್ರು ಮನಸ್ಸು ಮಾಡಿ ಬಂದಿದ್ರು, ಅವ್ರಲ್ಲಿ ಹುರುಪು ಇತ್ತು, ತಪ್ಪು ಹುರುಪಿಂದಲ್ಲ.

ನಾ ಶಾಲಿ ಮಾಸ್ತರ, ಡಾಕ್ಟರ್ ಅಲ್ಲ. ಒಂಬತ್ತು ವರ್ಷದಿಂದ ಓಡ್ಲಾಕತ್ತೀನಿ, ಎರಡು ಸಲ ದೊಡ್ಡ ಪೆಟ್ಟು ತಿಂದು ತಿಂಗಳಗಟ್ಲೆ ಮನ್ಯಾಗ ಕುಂತೀನಿ, ಆಮ್ಯಾಲೆ ಓದ್ಕೊಂಡೀನಿ, ಫಿಸಿಯೋ ಹತ್ರ ಕೇಳ್ಕೊಂಡೀನಿ, ಜೋಡಿ ಓಡೋರನ್ನ ನೋಡೀನಿ. ಇಷ್ಟರಾಗ ನನಗ ಖಾತ್ರಿ ಆಗಿದ್ದು ಏನಂದ್ರ, ಯಾರಿಗಿ ಎಲ್ಲಿ ನೋವು ಬರ್ತದ ಅನ್ನೋದು ಅವ್ರು ಓಟಕ್ಕ ಬರೋಕಿನ ಮೊದ್ಲ ಹತ್ತು ವರ್ಷ ಏನ್ ಮಾಡ್ಕೊಂಡಿದ್ರು ಅನ್ನೋದ್ರ ಮ್ಯಾಲೆ ನಿಂತದ. ಬ್ಯಾಂಕಿನ್ಯಾಗ ಕುಂತವ್ರ ಕಾಲು ಬ್ಯಾರೆ, ಕಬಡ್ಡಿ ಆಡಿದವ್ರ ಕಾಲು ಬ್ಯಾರೆ, ಪೊಲೀಸ್ ಭರ್ತಿಗಿ ಓಡಿದ ಹುಡುಗ್ರ ಕಾಲು ಬ್ಯಾರೆ, ಎರಡು ಮಕ್ಕಳ ತಾಯಿ ಕಾಲು ಬ್ಯಾರೆ. ಆದ್ರ ಎಲ್ಲರೂ ಮೊಬೈಲ್‌ನ್ಯಾಗ ಒಂದೇ 12 ವಾರದ ಪ್ಲ್ಯಾನ್ ಡೌನ್‌ಲೋಡ್ ಮಾಡ್ಕೊಂಡು ಶುರು ಮಾಡಿಬಿಡ್ತಾರ. ಆ ಪ್ಲ್ಯಾನಿಗಿ ನಿಮ್ಮ ಹಿಂದಿಂದು ಏನೂ ಗೊತ್ತಿರಂಗಿಲ್ಲ.

ಹಂತ 1: ಒಂದು ನೋಟ್‌ಬುಕ್ ತಗೊಂಡು ಕುಂದರ್ರಿ

ಬೂಟು ಆಮ್ಯಾಲೆ ತಗೊಳ್ರಿ, ಮೊದ್ಲ ಇಪ್ಪತ್ತು ರೂಪಾಯಿ ನೋಟ್‌ಬುಕ್ ತಗೊಳ್ರಿ. ಮೊದಲ್ನೇ ಪುಟದಾಗ ಹಿಂದಿನ 12 ತಿಂಗಳದಾಗ ಸೊಂಟದಿಂದ ಕೆಳಗ ಎಲ್ಲೆಲ್ಲಿ ನೋವಾಗಿತ್ತು ಬರೀರಿ. ಗಾಡಿ ಮ್ಯಾಲಿಂದ ಬಿದ್ದಿದ್ದು, ಮೆಟ್ಟಲದಾಗ ಕಾಲು ಹೊಳ್ಳಿದ್ದು, ಹಿಮ್ಮಡ ನೋವು, ಎಲ್ಲಾ. ಇದನ್ನ ಹಗೂರ ತಿಳ್ಕೋಬ್ಯಾಡ್ರಿ, ಯಾಕಂದ್ರ ಓಟಗಾರರ ಪೆಟ್ಟಿನ ಮ್ಯಾಲೆ ಜಗತ್ತಿನ್ಯಾಗ ಎಷ್ಟೋ ಸಂಶೋಧನಾ ಆಗ್ಯಾವ, ವಯಸ್ಸು, ತೂಕ, ಬೂಟು ಇವುಗಳ ಬಗ್ಗೆ ಒಬ್ರು ಒಂದು ಹೇಳಿದ್ರ ಇನ್ನೊಬ್ರು ಬ್ಯಾರೆ ಹೇಳ್ತಾರ, ಆದ್ರ ಹಿಂದ ಒಮ್ಮೆ ಪೆಟ್ಟಾದವ್ರಿಗೆ ಮತ್ತ ಪೆಟ್ಟಾಗೋದು ಜಾಸ್ತಿ ಅನ್ನೋದೊಂದು ಮಾತ್ರ ಪದೇ ಪದೇ ಬರ್ತದ.

ಎರಡನೇದ್ದು, ದಿನಕ್ಕ ಎಷ್ಟು ತಾಸು ಕುಂತಿರ್ತೀರಿ, ಎಷ್ಟು ತಾಸು ನಿಂತಿರ್ತೀರಿ ಬರೀರಿ. ಮೂರನೇದ್ದು, ಸಣ್ಣವ್ರಿದ್ದಾಗ ಯಾವ ಆಟ ಆಡಿದ್ರಿ, ಯಾವಾಗ ಬಿಟ್ರಿ. ನಾಲ್ಕನೇದ್ದು, ಶುಗರ್, ಬಿಪಿ, ಥೈರಾಯ್ಡ್, ರಕ್ತ ಕಮ್ಮಿ ಇರೋದು, ತಗೊಳ್ಳೋ ಗುಳಿಗಿ. ಐದನೇದ್ದು, ಹಿಂದಿನ ಒಂದು ತಿಂಗಳದಾಗ ಒಂದೇ ದಿನ ನಿಲ್ಲದೆ ಓಡಿದ್ದು ಹೆಚ್ಚಂದ್ರ ಎಷ್ಟು ಕಿಲೋಮೀಟರ್. ಸೊನ್ನೆ ಇದ್ರ ಸೊನ್ನೆ ಅಂತನೇ ಬರೀರಿ. ಈ ಐದನೇದ್ದು ಮುಂದ ಭಾಳ ಕೆಲಸಕ್ಕ ಬರ್ತದ.

ಹಂತ 2: ನೀವು ಯಾವ ಕಡಿಂದ ಬಂದೀರಿ ನೋಡ್ಕೊಳ್ರಿ

ಮೊದ್ಲ ಪೊಲೀಸ್ ಭರ್ತಿ ಹುಡುಗ್ರು, ಯಾಕಂದ್ರ ನಮ್ಮ ಕಡಿ ಓಡೋರಾಗ ಇವ್ರೇ ಜಾಸ್ತಿ. ಕಾನ್‌ಸ್ಟೇಬಲ್ ಪರೀಕ್ಷೆಕ್ಕ ಗಂಡುಹುಡುಗ್ರು 1600 ಮೀಟರ್ 6 ನಿಮಿಷ 30 ಸೆಕೆಂಡಿನ್ಯಾಗ ಮುಗಿಸ್ಬೇಕು, ಅದಕ್ಕ ದಿನಾ ಜೋರ್ ಓಡಿ ಓಡಿ ಉಸಿರು ಭಾಳ ಛಲೋ ಮಾಡ್ಕೊಂಡಿರ್ತಾರ. ಸಮಸ್ಯೆ ಅಲ್ಲೇ ಅದ. ಉಸಿರು ತಯಾರ್ ಇರ್ತದ, ಎಲುಬು ಇರಂಗಿಲ್ಲ. ಎಲುಬಿಗಿ ಹೊಸಾ ಭಾರ ಬಿದ್ದಾಗ ದೇಹ ಮೊದ್ಲ ಹಳೇ ಎಲುಬನ್ನ ಒಂದಿಷ್ಟು ಕರಗಿಸ್ತದ, ಆಮ್ಯಾಲೆ ಹೊಸದು ಕಟ್ಟತದ, ಕರಗೋದು ವಾರಗಳ ಕೆಲಸ, ಕಟ್ಟೋದು ತಿಂಗಳುಗಳ ಕೆಲಸ. ಹಿಂಗಾಗಿ ಶುರು ಮಾಡಿದ ಮೂರನೇ ನಾಲ್ಕನೇ ವಾರದಾಗ "ಈಗ ನನಗ ರೂಢಿ ಆಯ್ತು" ಅಂತ ಅನಸ್ತದಲ್ಲ, ಅವಾಗೇ ಎಲುಬು ಕಸುವು ಕಳ್ಕೊಂಡು ಸೊರಗಿರ್ತದ. ನಿಮ್ಮ ನೋವು ಹೆಚ್ಚಾಗಿ ಬರೋದು ಕಣಕಾಲಿನ ಒಳಗಿನ ಎಲುಬಿಗಿ. 1600ಕ್ಕ ಓಡಿದವ್ರು 10 ಕಿಲೋಮೀಟರಿಗಿ ಹೋಗ್ಬೇಕಂದ್ರ ಸ್ಪೀಡ್ ಪೂರಾ ಬಿಡ್ರಿ, ಒಂದು ಕಿಲೋಮೀಟರಿಗಿ ಏಳು ನಿಮಿಷ ತಗೊಂಡ್ರೂ ನಡಿತದ. ನಿಮಗ ಇದು ಅವಮಾನ ಅನಸ್ತದ ಅಂತ ಗೊತ್ತದ ನನಗ, ಆದ್ರೂ ಬಿಡ್ರಿ.

ಕಬಡ್ಡಿ, ಖೋಖೋ, ವಾಲಿಬಾಲ್ ಆಡಿ ಬಂದವ್ರು: ನಿಮ್ಮ ತೊಡಿ ಗಟ್ಟಿ ಇರ್ತಾವ, ಹರಡು (ಪಾದದ ಕೀಲು) ಗಟ್ಟಿ ಇರಂಗಿಲ್ಲ. ಹತ್ತು ವರ್ಷದ ಹಿಂದ ಹರಡು ಹೊಳ್ಳಿ, ಅರಿಷಿಣ ಹಚ್ಚಿ, ನಾಲ್ಕು ದಿನದಾಗ ಮತ್ತ ಆಡ್ಲಾಕ ಹೋಗಿರ್ತೀರಿ, ಆ ಹರಡು ಇನ್ನಾ ಸಡಿಲೇ ಇರ್ತದ. ಕಣ್ಣು ಮುಚ್ಚಿ ಒಂದೇ ಕಾಲ ಮ್ಯಾಲೆ ನಿಂದರ್ರಿ, ಆ ಕಾಲು ಈ ಕಾಲು ಎರಡೂ ನೋಡ್ರಿ. ಒಂದು ಕಡಿ ಹತ್ತು ಸೆಕೆಂಡ್ ಸುದ್ದಾ ತಡಿಯದೆ ಅಲ್ಲಾಡ್ತಿದ್ರ, ದಿನಾ ಹಲ್ಲು ತಿಕ್ಕೋವಾಗ ಆ ಕಾಲ ಮ್ಯಾಲೇ ನಿಂದರ್ರಿ, ಒಂದೂವರಿ ತಿಂಗಳದಾಗ ಫರಕ್ ಕಾಣ್ತದ. ಮಣಕಾಲಿನ ಲಿಗಮೆಂಟ್ ಹರಿದಿದ್ದು ಇದ್ರ, ಮಣಕಾಲು ಜಾರಿದಂಗ ಆಗ್ತಿದ್ರ, ಓಟಕ್ಕಿನ ಮೊದ್ಲ ಎಲುಬಿನ ಡಾಕ್ಟರ್‌ಗೆ ತೋರಿಸ್ರಿ.

ಸೈಕಲ್ಲು, ಜಿಮ್ಮು ಮಾಡಿದವ್ರದ್ದೂ ಭರ್ತಿ ಹುಡುಗ್ರ ಕಥಿನೇ, ಹೃದಯ ಮುಂದ, ಕಾಲು ಹಿಂದ. ಓಡೋವಾಗ ಒಂದೊಂದು ಹೆಜ್ಜಿಗೂ ನಿಮ್ಮ ತೂಕದ ಎರಡು ಎರಡೂವರಿ ಪಟ್ಟು ಭಾರ ನೆಲಕ್ಕ ಬೀಳ್ತದ, ಸೈಕಲ್ ಮ್ಯಾಲೆ ಆ ಪೆಟ್ಟು ಇರಂಗಿಲ್ಲ.

ಕುಂತು ಕೆಲಸ ಮಾಡೋರು, ಅಂದ್ರ ಬ್ಯಾಂಕು, ತಾಲೂಕ ಆಫೀಸು, ಕಿರಾಣಿ ಅಂಗಡಿ, ಸಾಫ್ಟ್‌ವೇರ್: ನಿಮ್ಮ ಮೀನಖಂಡ ಕೆಲಸಾನೇ ಮರೆತಿರ್ತದ. ಹಿಮ್ಮಡದ ಹಿಂದಿನ ನರ (ಅಕಿಲಿಸ್ ಟೆಂಡನ್), ಅಂಗಾಲು, ಮಣಕಾಲ ಚಿಪ್ಪಿನ ಸುತ್ತಮುತ್ತ, ಇವು ಮೂರು ನಿಮ್ಮ ಕಚ್ಚಾ ಜಾಗ. ಮುಂಜಾನಿ ಹಾಸಿಗಿಂದ ಎದ್ದು ಮೊದ್ಲ ಹೆಜ್ಜಿ ಇಟ್ಟಾಗ ಹಿಮ್ಮಡ ಚುಚ್ಚಿದ್ರ ಅದು ಅಂಗಾಲಿನ ಪಟ್ಟಿ ನೋವು, ಶಹಾಬಾದ್ ಪರಸಿ ಮ್ಯಾಲೆ ದಿನಾಪೂರ್ತಿ ಬರಿಗಾಲಿಲೆ ಅಡ್ಡಾಡೋ ಮನಿಗೋಳಾಗ ಇದು ಇನ್ನಾ ಜಾಸ್ತಿ ತ್ರಾಸ ಕೊಡ್ತದ, ನೋವಿದ್ದಾಗ ಮನ್ಯಾಗೂ ಮೆತ್ತನ ಚಪ್ಲಿ ಹಾಕ್ಕೊಳ್ರಿ.

ಹೊಲದಾಗ, ಗೌಂಡಿ ಕೆಲಸದಾಗ, ಹಮಾಲಿಯಾಗ ದುಡಿಯೋರು ಓಡ್ಲಾಕ ಬಂದ್ರ ಅವ್ರ ಪಾದ ನಮ್ಮೆಲ್ಲರಕಿನ ಗಟ್ಟಿ. ಆದ್ರ ಎಂಟು ತಾಸು ದುಡಿದಿದ್ದೂ ತರಬೇತಿ ಲೆಕ್ಕದಾಗೇ ಬರ್ತದ, ರಾಶಿ ದಿನದಾಗ ಓಟ ಬ್ಯಾಡ, ನಿದ್ದಿ ಮಾಡ್ರಿ.

ಅಕ್ಕಂದಿರು, ತಂಗ್ಯಾರು ಇದನ್ನ ಚಂದಾಗಿ ಓದ್ರಿ. ಹೆರಿಗಿ ಆದಮ್ಯಾಲೆ ಕಮ್ಮಿ ಅಂದ್ರ ಮೂರು ತಿಂಗಳು ಓಟ ಬ್ಯಾಡ, ಸಿಜೇರಿಯನ್ ಆಗಿದ್ರ ಇನ್ನಾ ತಡೀರಿ, ಓಡಿದಾಗ ಮೂತ್ರ ಸೋರಿದ್ರ ಅಥವಾ ಕೆಳಗ ಭಾರ ಬಿದ್ದಂಗ ಅನಿಸಿದ್ರ ನಾಚಿಕಿ ಬಿಟ್ಟು ಲೇಡಿ ಡಾಕ್ಟರ್‌ಗೆ ಹೇಳ್ರಿ, ಅದಕ್ಕ ವ್ಯಾಯಾಮ ಅವ, ವಾಸಿ ಆಗ್ತದ. ಶುರು ಮಾಡೋಕಿನ ಮೊದ್ಲ ಹಿಮೋಗ್ಲೋಬಿನ್ ತಪಾಸ ಮಾಡಸ್ರಿ, ಆಗೋದಿದ್ರ ಫೆರಿಟಿನ್ (ಮೈಯಾಗ ಕೂಡಿಟ್ಟ ಕಬ್ಬಿಣಾಂಶದ ಲೆಕ್ಕ) ಸುದ್ದಾ. ಇನ್ನೊಂದು, ಉಪವಾಸ ಮಾಡ್ಕೊಂತ, ತೂಕ ಇಳಿಸ್ಕೊಂತ ಓಡಿ, ಮುಟ್ಟು ಮೂರು ತಿಂಗಳು ನಿಂತ್ರ ಅದನ್ನ "ಛಲೋ ಆಯ್ತು, ತ್ರಾಸ ತಪ್ಪಿತು" ಅನ್ಕೋಬ್ಯಾಡ್ರಿ. ತಿನ್ನೋದು ಓಡೋದಕ್ಕ ಸಾಲದೆ ಹೋದಾಗ ದೇಹ ಮೊದ್ಲ ಅದನ್ನ ನಿಲ್ಲಿಸ್ತದ, ಆಮ್ಯಾಲೆ ಎಲುಬು ಸೊರಗಿ ಬಿರುಕು ಬಿಡ್ತದ. ಗಂಡಸರಿಗೂ ಈ ಊಟದ ಕೊರತಿಯಿಂದ ಎಲುಬು ಸೊರಗ್ತದ, ಅವ್ರಿಗೆ ಗುರುತು ಸಿಗೋದು ತಡ ಅಷ್ಟೇ.

40 ದಾಟಿದವ್ರು, ಶುಗರ್ ಇದ್ದವ್ರು, ಮನ್ಯಾಗ ಯಾರಿಗಾದ್ರೂ ಸಣ್ಣ ವಯಸ್ಸಿನ್ಯಾಗ ಹಾರ್ಟ್ ಅಟ್ಯಾಕ್ ಆಗಿದ್ದವ್ರು, ಸಿಗರೇಟ್ ಗುಟ್ಕಾ ಇದ್ದವ್ರು: ಮೊದ್ಲ ಡಾಕ್ಟರ್ ಹತ್ರ ಹೋಗಿ ಹಾರ್ಟ್ ತಪಾಸ ಮಾಡಸ್ರಿ, ಕಲಬುರಗಿಯಾಗೇ ಜಯದೇವ ಅದ, ಬೆಂಗಳೂರಿಗಿ ಹೋಗೋ ಕೆಲಸಿಲ್ಲ. ಎದಿ ಹಿಡದಂಗಾದ್ರ, ಎಡಗೈ ಅಥವಾ ದವಡಿ ಜಗ್ಗಿದಂಗಾದ್ರ, ಕಣ್ಣಿಗಿ ಕತ್ತಲಿ ಬಂದ್ರ ಅದು ಗ್ಯಾಸ್ ಅಂತ ಕುಂದರಬ್ಯಾಡ್ರಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥಾ ಗುಳಿಗಿ ತಗೊಳ್ಳೋರಿಗೆ ಓಡೋವಾಗ ಶುಗರ್ ಒಮ್ಮಿಗ್ಲೇ ಇಳಿತದ, ಕಿಸೆದಾಗ ಗ್ಲೂಕೋಸ್ ಪುಡಿ ಇಲ್ಲಾ ಬೆಲ್ಲದ ತುಂಡು ಇರಲಿ. ಓಡಿ ಬಂದಮ್ಯಾಲೆ ದಿನಾ ಅಂಗಾಲು ನೋಡ್ಕೊಳ್ರಿ, ಶುಗರಿನವ್ರಿಗೆ ಬೊಬ್ಬಿ ಬಂದಿದ್ದೇ ಗೊತ್ತಾಗಂಗಿಲ್ಲ.

ಹಂತ 3: ಜಾಗ ಆರಿಸ್ಕೊಳ್ರಿ

ಕಲಬುರಗಿಯಾಗ ನನಗ ಎಲ್ಲಕ್ಕಿನ ಛಲೋ ಅನಸೋದು ಯೂನಿವರ್ಸಿಟಿ ಕ್ಯಾಂಪಸ್, ಗಾಡಿ ಕಮ್ಮಿ, ಗಿಡ ಅವ, ಡಾಂಬರ್ ರೋಡಿನ ಬಾಜೂಕ ಮಣ್ಣಿನ ದಾರಿನೂ ಅದ. ಚಂದ್ರಶೇಖರ ಪಾಟೀಲ ಸ್ಟೇಡಿಯಂದಾಗ ಟ್ರ್ಯಾಕ್ ಮ್ಯಾಲೆ ಓಡೋರು ಒಂದೇ ದಿಕ್ಕಿಗಿ ತಿರುಗಬ್ಯಾಡ್ರಿ, ಬ್ಯಾರೆಯವ್ರಿಗೆ ತ್ರಾಸ ಆಗದಂಗ ಹೊರಗಿನ ಲೇನಿನ್ಯಾಗ ಆಗಾಗ ಉಲ್ಟಾ ಸುತ್ತು ಹೊಡೀರಿ, ಇಲ್ಲಂದ್ರ ತಿರುವಿನ್ಯಾಗ ಒಂದೇ ಕಾಲಿನ ಮ್ಯಾಲೆ ಭಾರ ಬೀಳ್ತದ. ರಿಂಗ್ ರೋಡು, ಸೇಡಂ ರೋಡು, ಹುಮನಾಬಾದ್ ರೋಡಿನ ಅಂಚಿಗಿ ಓಡೋರಿಗೂ ಇದೇ ಮಾತು, ನೀರು ಹರೀಲಿ ಅಂತ ರೋಡ್ ಅಂಚಿಗಿ ಇಳಿಜಾರು ಇರ್ತದ, ಐದು ಕಿಲೋಮೀಟರ್ ಹೋಗೋತನ ಒಂದು ಕಾಲು ಮ್ಯಾಲೆ ಒಂದು ಕಾಲು ಕೆಳಗ ಆಗಿ ಮಣಕಾಲಿನ ಹೊರಗಿನ ಬಾಜು ಹಿಡ್ಕೋತದ. ಬೆಳಕಾಗೋಕಿನ ಮೊದ್ಲ ಅಲ್ಲಿ ಓಡ್ಲೇಬ್ಯಾಡ್ರಿ, ಕಬ್ಬಿನ ಟ್ರ್ಯಾಕ್ಟರಿಗಿ ಹಿಂದ ಲೈಟೇ ಇರಂಗಿಲ್ಲ.

ಬೀದರಿನವ್ರು ಪುಣ್ಯವಂತ್ರು, ಕೆಂಪ ನೆಲ, ಬಿಸಲೂ ನಮಗಿಂತ ಒಂಚೂರು ಕಮ್ಮಿ, ಕೋಟಿ ಸುತ್ತಮುತ್ತ, ಅಷ್ಟೂರ್ ಗುಂಬಜ್ ಕಡಿ ಹೋಗೋ ದಾರಿ ಮುಂಜಾನಿ ಓಡ್ಲಾಕ ಭಾಳ ಚಂದ. ಯಾದಗಿರಿಯವ್ರು ಕೋಟಿ ಗುಡ್ಡ ಹತ್ತೋದು ಛಲೋ ಕಸರತ್, ಆದ್ರ ಇಳಿಯೋವಾಗ ಓಡಬ್ಯಾಡ್ರಿ, ಇಳಿಯೋದ್ರಾಗೇ ಮಣಕಾಲು ಹೋಗೋದು. ಇನ್ನ ಮಳಿ ಆದಮ್ಯಾಲೆ ಎರಿ ಹೊಲದ ದಾರಿಗಿ ಯಾರೂ ಹೋಗಬ್ಯಾಡ್ರಿ, ಒಂದೊಂದು ಬೂಟಿಗಿ ಅರ್ಧ ಕಿಲೋ ಮಣ್ಣು ಹತ್ತತದ, ಒಣಗಿದ ಮ್ಯಾಲೆ ಬಿರುಕಿನ್ಯಾಗ ಕಾಲು ಸಿಕ್ಕು ಹರಡು ಹೊಳ್ಳತದ.

ಹಂತ 4: ಎಷ್ಟು ಓಡ್ಬೇಕು ಅನ್ನೋ ಲೆಕ್ಕ

ವಾರಕ್ಕ 10 ಪರ್ಸೆಂಟ್ ಮ್ಯಾಲೆ ಹೆಚ್ಚು ಮಾಡಬ್ಯಾಡ್ರಿ ಅಂತ ಎಲ್ಲರೂ ಹೇಳ್ತಾರ. ನೆದರ್ಲ್ಯಾಂಡ್ಸ್‌ನ್ಯಾಗ ಇದನ್ನ ಪರೀಕ್ಷೆ ಮಾಡಿ 2008ರಾಗ ಪ್ರಕಟ ಮಾಡಿದ್ರು, ಹೊಸ ಓಟಗಾರರಾಗ ಒಂದು ಗುಂಪಿಗಿ 8 ವಾರದ ಪ್ಲ್ಯಾನು, ಇನ್ನೊಂದು ಗುಂಪಿಗಿ 10 ಪರ್ಸೆಂಟ್ ಲೆಕ್ಕದ 13 ವಾರದ ಸಾವಕಾಶ ಪ್ಲ್ಯಾನು ಕೊಟ್ರು, ಎರಡರಾಗೂ ಪೆಟ್ಟಾಗಿದ್ದು ಐದ್ರಾಗ ಒಬ್ರಿಗೇ. ಅಂದ್ರ ವಾರದ ಒಟ್ಟು ಲೆಕ್ಕ ಒಂದೇ ನೋಡಿದ್ರ ಸಾಲಂಗಿಲ್ಲ. 2025ರಾಗ 5,200ಕ್ಕಿನ ಹೆಚ್ಚು ಓಟಗಾರರ ವಾಚ್ ಡೇಟಾ ನೋಡಿ ಮಾಡಿದ ಇನ್ನೊಂದು ಅಧ್ಯಯನ ಬಂತು, ಅದ್ರಾಗ ಕಂಡಿದ್ದು ಏನಂದ್ರ, ಹಿಂದಿನ 30 ದಿನದಾಗ ನೀವು ಒಂದೇ ಸಲ ಓಡಿದ ಎಲ್ಲಕ್ಕಿನ ಉದ್ದ ಓಟ ಎಷ್ಟದ, ಅದಕ್ಕಿನ 10 ಪರ್ಸೆಂಟ್ ಮೀರಿ ಒಂದೇ ದಿನ ಓಡಿದ್ರ ಪೆಟ್ಟಿನ ರಿಸ್ಕ್ ಏರ್ತದ, ಡಬಲ್‌ಗಿಂತ ಜಾಸ್ತಿ ಓಡಿದ್ರ ರಿಸ್ಕೂ ಡಬಲ್ ದಾಟ್ತದ. ನಮ್ಮ ಮಂದಿ ಮಾಡೋದು ಇದೇ ತಪ್ಪು, ವಾರಪೂರ್ತಿ ಕೆಲಸ, ಭಾನುವಾರ ಗೆಳ್ಯಾರ್ ಬಂದಾರಂತ ಐದು ಓಡೋರು ಹನ್ನೆರಡು ಓಡಿಬಿಡ್ತಾರ.

ಅದಕ್ಕೇ ನೋಟ್‌ಬುಕ್ಕಿನ ಐದನೇ ಪ್ರಶ್ನೆ. ಅಲ್ಲಿ 5 ಅಂತ ಬರ್ದಿದ್ರ ಮುಂದಿನ ಉದ್ದ ಓಟ 5.5, ಅದು ಆರಾಮ ಆಯ್ತಂದ್ರ 6, ಹಿಂಗ. 8 ಇದ್ರ 8.8. ಜ್ವರ ಬಂದೋ, ಮದುವಿ ಸೀಸನ್ ಅಂತನೋ ಒಂದು ತಿಂಗಳು ಬಿಟ್ಟಿದ್ರ ಹಳೇ ನಂಬರ್ ಕಾಟ್ ಹಾಕಿ, ಹೊಸದಾಗಿ ಲೆಕ್ಕ ಹಚ್ಚರಿ. 5ರಿಂದ 21ರ ಹತ್ರ ಹೋಗ್ಲಾಕ ಹಿಂಗ ಮಾಡಿದ್ರ ನಾಲ್ಕೈದು ತಿಂಗಳಾದ್ರೂ ಬೇಕು, ನಡುವ ನಾಲ್ಕು ವಾರಕ್ಕೊಮ್ಮೆ ಒಂದು ವಾರ ಕಮ್ಮಿ ಓಡ್ಬೇಕು. ಆಗಸ್ಟಿನ ಹೈದರಾಬಾದ್ ಮ್ಯಾರಥಾನ್‌ಕ್ಕೋ, ಡಿಸೆಂಬರಿನ ವಿಜಯಪುರದ ವೃಕ್ಷಥಾನ್‌ಕ್ಕೋ ಹೆಸರು ಕೊಡೋಕಿನ ಮೊದ್ಲ ಕ್ಯಾಲೆಂಡರ್ ಹಿಡ್ಕೊಂಡು ಹಿಂದಕ್ಕ ಎಣಸ್ರಿ.

ಸೊನ್ನೆ ಬರ್ದವ್ರು ಮೊದ್ಲ ಎರಡು ವಾರ ದಿನಾ 30 ನಿಮಿಷ ಜೋರ್ ನಡೀರಿ ಅಷ್ಟೇ. ಆಮ್ಯಾಲೆ ವಾರಕ್ಕ ಮೂರು ದಿನ, ಒಂದು ನಿಮಿಷ ಓಟ ಎರಡು ನಿಮಿಷ ನಡಿಗಿ, ಹಂಗ ಹತ್ತು ಸಲ. ವಾರ ವಾರ ಓಟದ ನಿಮಿಷ ಒಂದೊಂದು ಏರಸ್ಕೊಂತ ಹೋಗ್ರಿ. ಹೊಸಬ್ರಿಗೆ ಪೆಟ್ಟು ಜಾಸ್ತಿ ಅನ್ನೋದು ಬರೇ ಮಾತಲ್ಲ, 2015ರಾಗ ಹಲವು ಅಧ್ಯಯನ ಕೂಡಿಸಿ ಲೆಕ್ಕ ಹಾಕಿದಾಗ 1000 ತಾಸು ಓಟಕ್ಕ ಹೊಸಬ್ರಿಗೆ ಸುಮಾರು 17.8 ಪೆಟ್ಟು, ಹವ್ಯಾಸಕ್ಕ ಓಡೋ ರೂಢಿ ಇದ್ದವ್ರಿಗೆ 7.7 ಅಂತ ಬಂದಿತ್ತು. ಮೊದಲ್ನೇ ವರ್ಷ ಹುಷಾರಾಗಿ ದಾಟ್ರಿ.

ಸ್ಪೀಡಿನ ಲೆಕ್ಕಕ್ಕ ವಾಚ್ ಬ್ಯಾಡ. ಬಾಜೂದವ್ರ ಜೋಡಿ ಪೂರಾ ಒಂದು ಮಾತು ತಡವರಿಸದೆ ಹೇಳ್ಲಾಕ ಬಂತಂದ್ರ ಆ ಸ್ಪೀಡು ಸರಿ ಅದ. ನಿಮ್ಮ ಐದು ಓಟದಾಗ ನಾಲ್ಕು ಹಂಗೇ ಇರಲಿ. ಮಣಕಾಲು ನೋಯೋರು ಇನ್ನೊಂದು ಮಾಡಿ ನೋಡ್ರಿ, ಹೆಜ್ಜಿ ಸಣ್ಣ ಮಾಡಿ ನಿಮಿಷಕ್ಕ ಹಾಕೋ ಹೆಜ್ಜಿ ನೂರಕ್ಕ ಐದರಿಂದ ಹತ್ತು ಹೆಚ್ಚು ಮಾಡ್ರಿ, 160 ಇದ್ರ 170, ಮಣಕಾಲ ಮ್ಯಾಲಿನ ಭಾರ ಖರೇನೇ ಕಮ್ಮಿ ಆಗ್ತದ.

ಹಂತ 5: ವಾರಕ್ಕ ಎರಡು ದಿನ ಕಾಲಿಗಿ ಕಸುವು

ಜಿಮ್ ಬೇಕಿಲ್ಲ. ಮನಿ ಮುಂದಿನ ಮೆಟ್ಟಲದ ಅಂಚಿಗಿ ಮುಂಗಾಲು ಇಟ್ಟು, ಗ್ವಾಡಿ ಹಿಡ್ಕೊಂಡು, ಹಿಮ್ಮಡ ಮ್ಯಾಲೆ ಎತ್ತಿ ಸಾವಕಾಶ ಕೆಳಗ ಬಿಡ್ರಿ, ಮೊದ್ಲ ಎರಡೂ ಕಾಲಿಲೆ, ಆಮ್ಯಾಲೆ ಒಂದೊಂದು ಕಾಲಿಲೆ. ಒಂದೇ ಕಾಲಿಲೆ 20-25 ಸಲ ನಿಲ್ಲದೆ ಆಗೋತನಕ 10 ಕಿಲೋಮೀಟರಿನ ಮಾತು ಬ್ಯಾಡ ಅಂತ ನಾ ಎಲ್ಲರಿಗೂ ಹೇಳ್ತೀನಿ. ಕುಂತು ಕೆಲಸ ಮಾಡೋರಿಗೆ ಮೊದ್ಲ ದಿನ ಆರಕ್ಕೇ ಕಾಲು ನಡಗತದ. ಇದ್ರ ಜೋಡಿ ನಮ್ಮ ಗರಡಿ ಮನಿ ಬೈಠಕ್ 15ರಂಗ ಮೂರು ಸಲ, ಮಲಗಿ ಸೊಂಟ ಎತ್ತೋದು 15ರಂಗ ಮೂರು ಸಲ. ಓಟಕ್ಕಿನ ಮೊದ್ಲ ನಿಂತಲ್ಲೇ ಜಗ್ಗಿ ಹಿಡಿಯೋದು ಪೆಟ್ಟು ತಪ್ಪಿಸ್ತದ ಅನ್ನೋದಕ್ಕ ಗಟ್ಟಿ ಆಧಾರ ಇಲ್ಲ, ಅದ್ರ ಬದ್ಲಿ ಐದು ನಿಮಿಷ ನಡೀರಿ, ಐದು ನಿಮಿಷ ಸಾವಕಾಶ ಓಡ್ರಿ, ಸಾಕು.

ಬೂಟಿನ ಬಗ್ಗೆ ಭಾಳ ಮಂದಿ ಕೇಳ್ತಾರ, ನನ್ನ ಉತ್ತರ ಸಣ್ಣದು. ಹಾಕ್ಕೊಂಡಾಗ ಆರಾಮ ಅನ್ನಿಸ್ಬೇಕು, ಬೆರಳಿನ ಮುಂದ ಒಂದು ಹೆಬ್ಬೆಟ್ಟಿನ ಜಾಗ ಇರ್ಬೇಕು, ಸಂಜಿಮುಂದ ಪಾದ ಉಬ್ಬಿದಾಗ ಅಂಗಡಿಗಿ ಹೋಗ್ರಿ. 500ರಿಂದ 800 ಕಿಲೋಮೀಟರಿಗಿ ಬದಲಿಸ್ರಿ. ರೊಕ್ಕ ಇದ್ರ ಎರಡು ಜೋಡಿ ಇಟ್ಕೊಂಡು ಅದಲ್ ಬದಲ್ ಮಾಡ್ರಿ, ಅದ್ರಿಂದ ಪೆಟ್ಟು ಕಮ್ಮಿ ಆಗಿದ್ದು ಲಕ್ಸೆಂಬರ್ಗಿನ ಓಟಗಾರರ ಮ್ಯಾಲಿನ ಅಧ್ಯಯನದಾಗ ಕಂಡದ. ಒಮ್ಮಿಗ್ಲೇ ತೆಳು ಅಟ್ಟಿ ಬೂಟಿಗೋ, ಕಾರ್ಬನ್ ಪ್ಲೇಟಿನ ಬೂಟಿಗೋ ಹಾರಬ್ಯಾಡ್ರಿ.

ಹಂತ 6: ನಮ್ಮ ಬಿಸಲು, ನಮ್ಮ ಊಟ

ಎಪ್ರಿಲ್ ಮೇದಾಗ ನಮ್ಮಲ್ಲಿ 42 ಡಿಗ್ರಿ ದಾಟ್ತದ, ರಾತ್ರಿನೂ ನೆಲ ಆರಂಗಿಲ್ಲ. ಓಡೋದಿದ್ರ ಐದಕ್ಕ ಶುರು ಮಾಡಿ ಆರೂವರಿಗೆ ಮನಿ ಸೇರ್ರಿ. ಬಿಸಲಿಗಿ ದೇಹ ಹೊಂದ್ಕೋಳಾಕ 10ರಿಂದ 14 ದಿನ ಬೇಕು, ಅಲ್ಲಿತನಕ ಅರ್ಧ ಓಡ್ರಿ. ಎಷ್ಟು ನೀರು ಬೇಕು ಅನ್ನೋದು ಒಬ್ಬೊಬ್ರಿಗೆ ಒಂದೊಂದು, ಅದಕ್ಕ ಓಡೋಕಿನ ಮೊದ್ಲ ಮತ್ತ ಆದಮ್ಯಾಲೆ ತೂಕ ನೋಡ್ರಿ, ಒಂದು ಕಿಲೋ ಇಳಿದಿದ್ರ ಹತ್ತತ್ರ ಒಂದು ಲೀಟರ್ ನೀರು ಹೋಗ್ಯದ ಅಂತ ತಿಳ್ಕೊಳ್ರಿ. ತೂಕ ಏರಿದ್ರ ನೀವು ಅತಿ ಕುಡಿದೀರಿ, ಅದೂ ಅಪಾಯ. 2002ರ ಬಾಸ್ಟನ್ ಮ್ಯಾರಥಾನ್‌ದಾಗ 488 ಓಟಗಾರರ ರಕ್ತ ತಪಾಸ ಮಾಡಿದಾಗ ನೂರಕ್ಕ 13 ಮಂದಿಗಿ ಸೋಡಿಯಂ ಕಮ್ಮಿ ಆಗಿತ್ತು, ಮುಖ್ಯ ಕಾರಣ ಅತಿ ನೀರು. ಬಾಯಾರಿಕಿ ಆದಾಗ ಕುಡೀರಿ, ಒಂದು ತಾಸಿನ ಮ್ಯಾಲಿನ ಓಟಕ್ಕ ಓಆರ್‌ಎಸ್ ಇಲ್ಲಾ ಉಪ್ಪು ಹಾಕಿದ ಮಜ್ಜಿಗಿ ಇರಲಿ.

ಜೋಡಿ ಓಡೋರು ಒಮ್ಮಿಗ್ಲೇ ತೊದಲಿದ್ರ, ದಿಕ್ಕು ತಪ್ಪಿದಂಗ ಮಾತಾಡಿದ್ರ, ಮೈ ಕಾದ ಹಂಚಾಗಿದ್ರ ಅದು ಹೀಟ್ ಸ್ಟ್ರೋಕ್. 108ಕ್ಕ ಫೋನ್ ಮಾಡ್ರಿ, ಗಾಡಿ ಬರೋತನ ಕಾಯಬ್ಯಾಡ್ರಿ, ನೆಳ್ಳಿಗಿ ಎಳ್ಕೊಂಡು ಸಿಕ್ಕ ತಣ್ಣನ ನೀರು ಮೈಮ್ಯಾಲೆ ಸುರೀರಿ, ಕುತ್ಗಿ, ಕಂಕಳಕ್ಕ ಐಸ್ ಇಡ್ರಿ.

ಊಟದ ವಿಚಾರದಾಗ ನಮ್ಮ ಕಡಿಯವ್ರಿಗೆ ಪ್ರೋಟೀನ್ ಡಬ್ಬಿನೇ ಬೇಕಂತ ಏನಿಲ್ಲ. ಜ್ವಾಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು, ತತ್ತಿ ತಿನ್ನೋರಿಗೆ ತತ್ತಿ. ಉದ್ದ ಓಟ ಇದ್ದ ದಿನ ಒಂದು ರೊಟ್ಟಿ ಜಾಸ್ತಿ ತಿನ್ರಿ. ಊಟ ಆದ ಕೂಡ್ಲೇ ಚಾ ಕುಡಿಯೋ ರೂಢಿ ಬಿಡ್ರಿ, ಊಟದಾಗಿನ ಕಬ್ಬಿಣಾಂಶ ಮೈಗಿ ಹತ್ತದಂಗ ಚಾ ತಡಿತದ, ಒಂದು ತಾಸು ಬಿಟ್ಟು ಕುಡೀರಿ.

ಹಂತ 7: ನೋವು ಬಂದಾಗ

ಹೋದ ವರ್ಷ ಜನವರಿಯಾಗ ಶಹಾಪುರ ಕಡಿ ಹುಡುಗೊಬ್ಬ, ಭರ್ತಿಗಿ ತಯಾರಿ ಮಾಡ್ಲಾಕ ಇಲ್ಲಿ ರೂಮ್ ಮಾಡ್ಕೊಂಡಿದ್ದ, ಕ್ಯಾಂಪಸ್ ಗೇಟಿನ ಹತ್ರ ಕಟ್ಟಿ ಮ್ಯಾಲೆ ಕುಂತು ಕಾಲು ತಿಕ್ಕೋಳ್ಲಾಕತ್ತಿದ್ದ. "ಏನಾಯ್ತು ತಮ್ಮಾ" ಅಂದೆ. "ಏನಿಲ್ರಿ ಸರ್ರ, ಸ್ವಲ್ಪ ಶಿನ್ ಪೇನ್, ಓಡಿದಂಗ ಓಡಿದಂಗ ಹೋಗ್ತದ" ಅಂದ. ಬೂಟು ನೋಡಿದ್ರ ಎಡಗಾಲಿನ ಹಿಮ್ಮಡದ ಹೊರ ಬಾಜು ಸವದು ಒಳಗಿನ ಬಿಳೀ ಫೋಮು ಕಾಣ್ತಿತ್ತು, ಲೇಸಿನ ಬದ್ಲಿ ಸುತಳಿ. ಪ್ಯಾಂಟ್ ಮಡಚು ಅಂತ ಹೇಳಿ ಮಣಕಾಲ ಕೆಳಗಿಂದ ಎಲುಬಿನ ಒಳಗಿನ ಅಂಚಿಗುಂಟ ಹೆಬ್ಬೆಟ್ಟಿಲೆ ಒತ್ಕೊಂತ ಬಂದೆ. ಮ್ಯಾಲೆ ಏನೂ ಅನ್ಲಿಲ್ಲ. ನಡುವಿಗಿ ಬಂದಾಗ, ಒಂದು ರೂಪಾಯಿ ನಾಣ್ಯದಷ್ಟು ಜಾಗದಾಗ, ಅಂವ ಒಮ್ಮಿಗ್ಲೇ ನನ್ನ ಹೆಗಲು ಹಿಡ್ಕೊಂಡ. ಎರಡು ಬೆರಳು ಕೆಳಗ ಸರದ್ರ ಮತ್ತ ಏನೂ ಇಲ್ಲ. "ರಾತ್ರಿ ಮಲಗಿದಾಗ ನೋಯ್ತದೇನು" ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು "ನಿದ್ದಿ ಬರಂಗಿಲ್ರಿ ಸರ್ರ" ಅಂದ.

ಈ ಗುರುತು ಎಲ್ಲರೂ ಕಲೀರಿ. ಎಲುಬಿನ ಅಂಚಿಗುಂಟ ಒಂದು ಗೇಣಿನಷ್ಟು ಉದ್ದಕ್ಕ ನೋಯ್ತಿದ್ರ ಅದು ಹೆಚ್ಚಾಗಿ ಶಿನ್ ಸ್ಪ್ಲಿಂಟ್, ಓಟ ಕಮ್ಮಿ ಮಾಡಿದ್ರ ಇಳಿತದ. ಒಂದೇ ಬೊಟ್ಟಿಲೆ ತೋರಿಸೋವಂಥಾ ಜಾಗ, ಒತ್ತಿದ್ರ ಜೀವ ಹೋದಂಗ, ರಾತ್ರಿನೂ ನೋವು, ಒಂದೇ ಕಾಲಿಲೆ ಜಿಗಿದ್ರ ಛಳಕ್ ಅನ್ನೋದು, ಇದ್ರ ಎಲುಬು ಬಿರುಕು ಬಿಟ್ಟದ ಅಂತ ತಿಳ್ಕೊಂಡು ಅವತ್ತೇ ಓಟ ನಿಲ್ಲಿಸ್ರಿ. ಎಕ್ಸ್-ರೇದಾಗ ಏನೂ ಇಲ್ಲ ಅಂದ್ರೂ ನಂಬಿ ಓಡಬ್ಯಾಡ್ರಿ, ಯಾಕಂದ್ರ ಮೊದ್ಲ ಎರಡು ಮೂರು ವಾರ ಇಂಥಾ ಬಿರುಕು ಎಕ್ಸ್-ರೇದಾಗ ಕಾಣದೆ ಹೋಗೋದು ಭಾಳ, ಎಂಆರ್‌ಐದಾಗ ಕಾಣ್ತದ. ನನಗ ಆಗಿದ್ದು ಇದೇ. ಎಕ್ಸ್-ರೇ ಕ್ಲೀನ್ ಅದ, ಓಡ್ರಿ ಅಂದ್ರು, ನನಗೂ ಅದೇ ಕೇಳ್ಬೇಕಾಗಿತ್ತು, ಇನ್ನಾ ಎರಡು ವಾರ ಓಡಿದೆ, ಆರು ವಾರದಾಗ ಮುಗಿಯೋದು ನಾಲ್ಕು ತಿಂಗಳಿಗಿ ಹೋಯ್ತು. ತೊಡಿಸಂದಿ ಆಳದಾಗ ನೋವು ಬಂದ್ರ ಇನ್ನಾ ಗಂಭೀರ, ತೊಡಿ ಎಲುಬಿನ ಕುತ್ಗಿ ಬಿರುಕು ಬಿಟ್ರ ಆಪರೇಷನ್‌ತನ ಹೋಗ್ತದ, ಕಾಯಬ್ಯಾಡ್ರಿ.

ಉಳಿದ ನೋವಿಗಿ ನಾ ಇಟ್ಕೊಂಡ ಲೆಕ್ಕ ಹಿಂಗದ: ಹತ್ತರಾಗ ಮೂರರ ಒಳಗ ನೋವಿದ್ದು, ಓಡಿದಂಗ ಹೆಚ್ಚಾಗದೆ, ಮರುದಿನ ಮುಂಜಾನಿ ಮೊದ್ಲಿನಂಗೇ ಇದ್ರ ಓಡ್ಬಹುದು. ನಾಲ್ಕೈದಕ್ಕ ಹೋದ್ರ ಅವತ್ತಿನ ಓಟ ಅಲ್ಲಿಗೇ ಬಂದ್. ಕುಂಟಿದ್ರ ಯಾವ ನಂಬರೂ ಬ್ಯಾಡ, ನಿಲ್ಲಿಸ್ರಿ.

ಎಲುಬು ನೋವಿನ ಮ್ಯಾಲೆ ಜೋರ್ ಎಣ್ಣಿ ತಿಕ್ಕಸ್ಕೊಳ್ಳೋದು, ಕಟ್ಟು ಕಟ್ಟೋರ ಹತ್ರ ಹೋಗಿ ಜಗ್ಗಸ್ಕೊಳ್ಳೋದು ಬ್ಯಾಡ. ಡೈಕ್ಲೋಫೆನಾಕ್ ಗುಳಿಗಿ ನುಂಗಿ ಓಡೋದಂತೂ ದಯಮಾಡಿ ಬ್ಯಾಡ್ರಿ, ನೋವು ಮುಚ್ಚತದ, ಪೆಟ್ಟು ದೊಡ್ಡದಾಗ್ತದ, ಬೆವರಿ ನೀರು ಕಮ್ಮಿ ಆದ ಮೈಯಾಗ ಅದು ಕಿಡ್ನಿಗಿ ಹೊಡಿತದ.

ಹಂತ 8: ವಾಪಸ್ ಬರೋದು

ಶಹಾಪುರದ ಹುಡುಗ ದವಾಖಾನಿಗಿ ಹೋದ, ಬಿರುಕು ಖರೇನೇ ಇತ್ತು. ಆ ಸಲದ ಭರ್ತಿ ತಪ್ಪಿತು, ಅಂವ ಅತ್ತ, ನನಗೂ ಕಣ್ಣಾಗ ನೀರು ಬಂದ್ವು. ಆರು ವಾರ ಅಂವ ಓಡ್ಲಿಲ್ಲ, ನೋವಿಲ್ಲದಷ್ಟು ಸೈಕಲ್ ತುಳಿದ. ಆಮ್ಯಾಲೆ ನಾವು ಮಾಡಿದ್ದು ಹಿಂಗ, ನೀವೂ ನಿಮ್ಮ ಡಾಕ್ಟರನ್ನ ಕೇಳ್ಕೊಂಡು ಹಿಂಗೇ ಮಾಡ್ರಿ. ಎಲುಬು ಒತ್ತಿದ್ರ ನೋಯಬಾರ್ದು, 30 ನಿಮಿಷ ಜೋರ್ ನಡದ್ರ ನೋಯಬಾರ್ದು, ಒಂದೇ ಕಾಲಿಲೆ ಹತ್ತು ಸಲ ಜಿಗಿದ್ರ ನೋಯಬಾರ್ದು. ಮೂರೂ ಆದಮ್ಯಾಲೆ ದಿನ ಬಿಟ್ಟು ದಿನ, ಒಂದು ನಿಮಿಷ ಓಟ ಎರಡು ನಿಮಿಷ ನಡಿಗಿ, ಮಣ್ಣಿನ ದಾರಿ ಮ್ಯಾಲೆ, 20 ನಿಮಿಷ ಅಷ್ಟೇ. ಮುಂದಿನ ವಾರ ಎರಡು ನಿಮಿಷ ಓಟ, ಅದ್ರ ಮುಂದಿನ ವಾರ ಮೂರು. ಮೊದ್ಲ ದೂರ ಏರಸ್ರಿ, ಸ್ಪೀಡ್ ಎರಡು ತಿಂಗಳು ಬಿಟ್ಟು. ದಿನಾ ಮುಂಜಾನಿ ಹಾಸಿಗಿ ಮ್ಯಾಲೇ ಕುಂತು ಅದೇ ಜಾಗ ಹೆಬ್ಬೆಟ್ಟಿಲೆ ಒತ್ತಿ ನೋಡಿ ನೋಟ್‌ಬುಕ್ಕಿನ್ಯಾಗ ನಂಬರ್ ಬರೀರಿ, ಸೊನ್ನೆ ಇದ್ರ ಹೊರಡ್ರಿ, ಒಂದಿದ್ರೂ ಅವತ್ತು ನಡೀರಿ, ಎರಡು ದಿನ ಬಿಟ್ಟು ಹಿಂದಿನ ವಾರದ ಲೆಕ್ಕದಿಂದ ಮತ್ತ ಶುರು ಮಾಡ್ರಿ.